ಸ್ಯಾಡ್ ಹಸಿರು, ನಂಬರ್ ಹದಿನಾಲ್ಕು

ಎಸ್, ಎ, ಡಿ. ಮೂರೇ ಅಕ್ಷರದ ಈ ಇಂಗ್ಲಿಷ್ ಪದವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ನಮ್ಮ ಬಣ್ಣದ ಮನೆಯಲ್ಲಿ. ಅದಕ್ಕೆ ದುಃಖವೆಂಬ ಅರ್ಥವೂ ಇದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಪ್ಪ ಉಣ್ಣೆಯ ನೂಲಿಗೆ ಬಣ್ಣ ಹಾಕುತ್ತಿದ್ದರು. ಅವರಿಗಿಂತ ಮುಂಚೆ ಆ ಜಾಗ ನಡೆಸುತ್ತಿದ್ದ ಮುದುಕರು ಒಂದು ದಪ್ಪ ರಟ್ಟಿನ ಪುಸ್ತಕ ಬಿಟ್ಟು ಹೋಗಿದ್ದರು. ಬಣ್ಣಗಳ ಅಳತೆ, ಕಾವು, ಹೊತ್ತು, ಎಲ್ಲವೂ ಅದರಲ್ಲಿ ಇಂಗ್ಲಿಷಿನಲ್ಲಿತ್ತು. ಎಷ್ಟೋ ಪುಟಗಳ ಕೊನೆಯ ಸಾಲು ಒಂದೇ: ಸ್ಯಾಡ್ ಮಾಡು. ಅಂದರೆ, ನೂಲು ಬಣ್ಣ ಕುಡಿದಾದ ಮೇಲೆ ಅನ್ನಭೇದಿಯ ನೀರನ್ನು ಸ್ವಲ್ಪ ಸ್ವಲ್ಪವೇ ಹಂಡೆಗೆ ಬೆರೆಸಿ ಹೊಳಪು ತಗ್ಗಿಸು. ಅನ್ನಭೇದಿ ಕಬ್ಬಿಣದ ಒಂದು ಲವಣ, ತಿಳಿಹಸಿರು ಹರಳು. ಅದು ಬಿದ್ದರೆ ಗಿಳಿಹಸಿರು ಪಾಚಿಯ ಹಸಿರಾಗುತ್ತದೆ, ನಿಂಬೆಯ ಹಳದಿ ಒಣಹುಲ್ಲಾಗುತ್ತದೆ. ಕಡಿಮೆಯಾದರೆ ಇನ್ನಷ್ಟು ಹಾಕಬಹುದು. ಹೆಚ್ಚಾದದ್ದನ್ನು ವಾಪಸು ತೆಗೆಯುವ ವಿದ್ಯೆ ಅಪ್ಪನಿಗೂ ಗೊತ್ತಿರಲಿಲ್ಲ, ರಸಾಯನಶಾಸ್ತ್ರ ಓದಿದ ನನಗೂ ಗೊತ್ತಿಲ್ಲ.

ಏಳನೆಯ ತರಗತಿಯಲ್ಲಿ ಇಂಗ್ಲಿಷ್ ಪ್ರಬಂಧವೊಂದರಲ್ಲಿ, ನಮ್ಮಕ್ಕನ ಕಂಬಳಿ ಸ್ಯಾಡ್ ಆಗಿದೆ ಎಂದು ಬರೆದೆ. ಮೇಷ್ಟ್ರು ಅದನ್ನು ಎಲ್ಲರೆದುರು ಓದಿದರು.

"ನಿಮ್ಮಕ್ಕನ ಕಂಬಳಿಗೆ ಏನಮ್ಮ ಅಂಥಾ ಕಷ್ಟ ಬಂತು?"

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಅವಳು ಅವರೆಲ್ಲರಿಗಿಂತ ಹೆಚ್ಚು ನಕ್ಕಳು. "ಮೂರು ದಿನದಿಂದ ಊಟ ಬಿಟ್ಟು ಮೂಲೇಲಿ ಕೂತಿದೆ, ಬಂದು ಸಮಾಧಾನ ಮಾಡಿ ಅನ್ನಬೇಕಿತ್ತು ಕಣೇ."

ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿಮೂರು. ನನ್ನ ಜಡೆ ಹೆಣೆದವಳು, ಜ್ವರ ನೋಡಿದವಳು, ಕಾಲೇಜಿಗೆ ಕಳಿಸಬೇಕೆಂದು ಅಪ್ಪನ ಬೆನ್ನು ಬಿದ್ದವಳು ಅವಳೇ. ತಾನು ಶಾಲೆ ಬಿಟ್ಟು ಅಪ್ಪನ ಜೊತೆ ಕಿಟಕಿಗೆ ನಿಂತಳು.

ಕಿಟಕಿಗೆ ನಿಲ್ಲುವುದು ಎಂದರೇನೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಬಣ್ಣದ ಮನೆಯಲ್ಲಿ ಹಂಡೆಗೆ ಅನ್ನಭೇದಿ ಹಾಕುವವರೇ ಅದು ಎಷ್ಟು ಸಾಕೆಂದು ಹೇಳುವಂತಿಲ್ಲ. ಹಬೆಯಲ್ಲಿ ನಿಂತವರ ಕಣ್ಣು ಬೇಗ ಸೋಲುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾಕುವ ಕೈಗೆ ಇನ್ನೊಂದು ಚೂರು ಹಾಕೋಣ ಅನ್ನುವ ಚಪಲ ಇರುತ್ತದೆ. ಆದ್ದರಿಂದ ಇನ್ನೊಬ್ಬರು ಹತ್ತು ಹೆಜ್ಜೆ ದೂರದ ಉತ್ತರದ ಕಿಟಕಿಯಲ್ಲಿ ಹಂಡೆಗೆ ಬೆನ್ನು ಹಾಕಿ ನಿಲ್ಲಬೇಕು. ಪ್ರತಿ ಸಲ ಹಾಕಿದ ಮೇಲೆ ನೂಲಿನ ಒಂದು ಚಿಕ್ಕ ಲಡಿಯನ್ನು ಎತ್ತಿ, ಹಿಂಡಿ, ಕಿಟಕಿಗೆ ಕೊಡಬೇಕು. ಅವರು ಅದನ್ನು ಮಾದರಿಯ ಪಕ್ಕ ಹಿಡಿದು ಒಂದೋ 'ಇನ್ನೊಂದು' ಅನ್ನುತ್ತಾರೆ, ಇಲ್ಲವೇ 'ಸಾಕು' ಅನ್ನುತ್ತಾರೆ. ಮೂರನೆಯ ಮಾತಿಗೆ ಜಾಗವಿಲ್ಲ. ಸಾಕು ಎಂದ ಮೇಲೆ ಅಪ್ಪನೂ ಎದುರಾಡುತ್ತಿರಲಿಲ್ಲ. ಹಂಡೆಯ ಮುಂದೆ ಮೊದಲು ಅಪ್ಪ, ಅವರು ತೀರಿಕೊಂಡ ಮೇಲೆ ನಾನು. ಕಿಟಕಿಯಲ್ಲಿ ನಲವತ್ತು ವರ್ಷವೂ ಅಕ್ಕ.

ಕಾಲೇಜಿನ ಎರಡನೆಯ ವರ್ಷ, ಗ್ರಂಥಾಲಯದಲ್ಲಿ ಎತ್ತಲಾಗದಷ್ಟು ದೊಡ್ಡ ಇಂಗ್ಲಿಷ್ ನಿಘಂಟೊಂದು ಸಿಕ್ಕಿತು. ಮೇಷ್ಟ್ರ ಮೇಲಿನ ಹಳೆಯ ಸಿಟ್ಟು ತೀರಿಸಿಕೊಳ್ಳಲು ಆ ಮೂರಕ್ಷರವನ್ನು ಹುಡುಕಿದೆ. ಬಹಳ ಹಿಂದಿನ ಇಂಗ್ಲಿಷಿನಲ್ಲಿ ಅದರ ನಡುವಿನ ಅಕ್ಷರ ಬರಿಯ ಎ ಅಲ್ಲ, ಎ ಮತ್ತು ಇ ಅಂಟಿಕೊಂಡ ಒಂದು ಜೋಡಿಯಕ್ಷರ. ಅರ್ಥ, ಹೊಟ್ಟೆ ತುಂಬಿದ. ಊಟವೇ ಆಗಬೇಕೆಂದಿಲ್ಲ, ಕುಡಿತವೋ ಕಾದಾಟವೋ ಸಾಕಾಗಿ ಹೋದವನಿಗೂ ಅದೇ ಪದ. ಜರ್ಮನ್ ಭಾಷೆಯಲ್ಲಿರುವ ಇದರ ಒಡಹುಟ್ಟು ಇವತ್ತಿಗೂ ಹೊಟ್ಟೆ ತುಂಬಿತು ಎಂದೇ ಹೇಳುತ್ತದೆ. ಸಾಕಷ್ಟು ಎನ್ನುವ ಲ್ಯಾಟಿನ್ ಪದ ಇದರ ದೂರದ ನೆಂಟ. ತುಂಬಿದ್ದು ಭಾರವಾಗುತ್ತದಲ್ಲ, ಹಾಗೆ ಭಾರವಾದ, ಗಟ್ಟಿಯಾದ ಎಂಬ ಅರ್ಥಗಳು ಬಂದವು. ಎರಕದ ಇಸ್ತ್ರಿಪೆಟ್ಟಿಗೆಗೂ, ಉಬ್ಬದೆ ಕುಳಿತುಬಿಟ್ಟ ಬ್ರೆಡ್ಡಿಗೂ ಆ ವಿಶೇಷಣ ಅಂಟಿತು. ಗಂಭೀರ ಮನುಷ್ಯರಿಗೆ ಹೇಳಿದರು, ಮಂಕು ಬಣ್ಣಗಳಿಗೆ ಹೇಳಿದರು. ದುಃಖದ ಅರ್ಥ ಅದೇ ಭಾರದಿಂದ ಹುಟ್ಟಿ, ಮೆಲ್ಲಗೆ ಉಳಿದವನ್ನೆಲ್ಲ ಹೊರಗೆ ಹಾಕಿ ಮನೆಯನ್ನು ತನ್ನದಾಗಿಸಿಕೊಂಡಿತು. ಬಣ್ಣಗಾರರ ಬಾಯಲ್ಲಿ ಮಾತ್ರ ಹಳೆಯದು ಹೇಗೋ ಉಳಿದಿತ್ತು.

ಇದನ್ನೆಲ್ಲ ಬರೆದುಕೊಂಡು ಬಂದು ಅಕ್ಕನಿಗೆ ಓದಿ ಹೇಳಿದೆ. ಅವಳು ಲಡಿ ಸುತ್ತುತ್ತಿದ್ದಳು.

"ಹೊಟ್ಟೆ ತುಂಬಿದವನು ಯಾಕೆ ಅಳ್ತಾನೆ?" ಎಂದಳು. ಮತ್ತೆ ತಾನೇ, "ಅಲ್ಲ, ಕಣ್ಣು ತುಂಬಿ ಬಂತು ಅಂತೀವಲ್ಲ, ಹಸಿದು ಬಂತು ಅಂತೀವಾ? ಸರಿಯಾಗೇ ಇದೆ. ಉಣ್ಣೆಗೂ ಅಷ್ಟೇ. ತುಂಬಾ ಕುಡಿಸಿದ್ರೆ ಮುಖ ಕಪ್ಪಿಡುತ್ತೆ, ನಮ್ಮ ಹೊಗೆಯಣ್ಣನ ಥರ."

ಹೊಗೆಯಣ್ಣ ನಮ್ಮ ಬಾಯ್ಲರ್ ನೋಡಿಕೊಳ್ಳುವವನು. "ನನ್ನ ಮುಖಕ್ಕೆ ಬರಬೇಡಿ," ಎಂದು ಅವನು ಒಳಗಿಂದಲೇ ಕೂಗಿದ. "ಇದು ಕುಡಿದು ಆದದ್ದಲ್ಲ, ಊದಿ ಆದದ್ದು."

ಅಕ್ಕ ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ. ಬಣ್ಣದ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೂ ಹೀಗೇ ಮುದುಕಿಯರಾಗುತ್ತೇವೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಐವತ್ಮೂರನೆಯ ವಯಸ್ಸಿನಲ್ಲಿ ಅಕ್ಕ ಮದುವೆಯಾದಳು. ಹನ್ನೊಂದು ವರ್ಷದಿಂದ ನಮ್ಮ ನೀರಿನ ಮೀಟರ್ ಓದಲು ಬರುತ್ತಿದ್ದವರು ನಿವೃತ್ತರಾಗಿ ತಮ್ಮ ಊರಿಗೆ ಹೊರಟಿದ್ದರು. ಹೊರಡುವ ಮುನ್ನ ಬಂದು, ನೀವೂ ಬರ್ತೀರಾ ಎಂದು ಅವಳನ್ನು ಕೇಳಿದರಂತೆ. ಐದು ಅಂಕಿ ಓದುವುದಕ್ಕೆ ಪ್ರತಿ ತಿಂಗಳೂ ಅಷ್ಟು ಹೊತ್ತು ಯಾಕೆ ಬೇಕೆಂದು ನಾನು ಯೋಚಿಸಬೇಕಿತ್ತು.

ಅವರ ಊರು ಬಸ್ಸಿನಲ್ಲಿ ಐದು ಗಂಟೆಯ ದಾರಿ. ಮದುವೆಯ ದಿನ ನಾನು ಚೆನ್ನಾಗಿಯೇ ಓಡಾಡಿದೆ. ಎಲ್ಲರಿಗೂ ಊಟ ಬಡಿಸಿದೆ. ಮರುದಿನ ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸಿ, ಎರಡನ್ನೂ ನಾನೇ ಕುಡಿದೆ.

ಆಮೇಲಿನ ಹದಿನಾಲ್ಕು ತಿಂಗಳು ನಾನು ಹೊಳೆಯುವ ಬಣ್ಣಗಳನ್ನು ಮಾತ್ರ ಹಾಕಿದೆ. ಕೆಂಪು, ನೀಲಿ, ಅರಿಶಿನ. ಸ್ಯಾಡ್ ಮಾಡುವ ಕೆಲಸ ಬಂದರೆ ಏನಾದರೂ ನೆಪ ಹೇಳಿ ಕಳಿಸುತ್ತಿದ್ದೆ. ಹೊಗೆಯಣ್ಣನನ್ನು ಒಮ್ಮೆ ಕಿಟಕಿಗೆ ನಿಲ್ಲಿಸಿದ್ದುಂಟು. ಅವನು ಎರಡು ಲಡಿಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಮ್ಮಾ, ನನಗೆ ಕೆಂಪೂ ಹಸಿರೂ ಒಂದೇ ಥರ. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ," ಎಂದ.

ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಸುಮ್ಮಸುಮ್ಮನೆ ಮಾತಾಡಿ ರೂಢಿಯೇ ಇಲ್ಲ. ಅಪ್ಪನ ಕಾಲದಿಂದಲೂ ಮಾತೆಂದರೆ ಕೆಲಸದ ಮಾತು. "ಪಟಿಕದ ಮೂಟೆ ಎಲ್ಲಿಟ್ಟಿದ್ದೆ?" ಎಂದು ಕೇಳುತ್ತಿದ್ದೆ, ಮೂಟೆ ಕಣ್ಣೆದುರಿಗೇ ಇರುತ್ತಿತ್ತು. "ಮೆಟ್ಟಿಲ ಕೆಳಗೆ," ಎನ್ನುತ್ತಿದ್ದಳು. "ಸಿಕ್ತಾ?" "ಸಿಕ್ತು." ಇಷ್ಟರಲ್ಲಿ ಎರಡು ನಿಮಿಷ ಆಗುತ್ತಿತ್ತು. ಫೋನ್ ಇಟ್ಟ ಮೇಲೆ ಅವಳ ಹಿಂದೆ ಕೇಳಿಸಿದ ಸದ್ದುಗಳನ್ನು ಒಂದೊಂದಾಗಿ ನೆನೆಯುತ್ತಿದ್ದೆ. ಕುಕ್ಕರಿನ ಸೀಟಿ, ಯಾರೋ ಬಾಗಿಲು ಹಾಕಿದ್ದು, ರೇಡಿಯೋ. ಅಕ್ಕನ ಎರಡೂ ಕಣ್ಣಿನ ಪೊರೆ ತೆಗೆಸಿದ ಸುದ್ದಿ ನನಗೆ ತಿಳಿದದ್ದೂ ಇಂಥದೇ ಒಂದು ಎರಡು ನಿಮಿಷದಲ್ಲಿ, ಎಲ್ಲ ಮುಗಿದು ತಿಂಗಳಾದ ಮೇಲೆ.

ಆಮೇಲೆ ರಂಗಮಂದಿರದ ಕೆಲಸ ಬಂತು. ಹಳೆಯ ಕಟ್ಟಡ, ಮುನ್ನೂರು ಕುರ್ಚಿ. ಅವುಗಳಲ್ಲಿ ನಲವತ್ತರ ಹೊದಿಕೆ ಹರಿದಿತ್ತು. ಹೊಸ ಹೊದಿಕೆ ನೇಯುವವರಿಗೆ ಹದಿನೆಂಟು ಕಿಲೋ ನೂಲು ಬೇಕು, ಉಳಿದ ಕುರ್ಚಿಗಳ ಬಣ್ಣಕ್ಕೆ ಕೂಡಬೇಕು. ಅಲ್ಲಿನ ಮ್ಯಾನೇಜರು ತಂದ ಬಟ್ಟೆಯ ತುಂಡನ್ನು ನೋಡಿದ ಕೂಡಲೇ ಗೊತ್ತಾಯಿತು. ನಮ್ಮದೇ ಬಣ್ಣ. ಪುಸ್ತಕದಲ್ಲಿ ಸ್ಯಾಡ್ ಹಸಿರು, ನಂಬರ್ ಹದಿನಾಲ್ಕು.

"ಆಗುತ್ತಾ?" ಎಂದರು ಮ್ಯಾನೇಜರು.

"ಆಗುತ್ತೆ. ನಮ್ಮಕ್ಕನ್ನ ಕರೆಸ್ತೀನಿ," ಎಂದುಬಿಟ್ಟೆ. ಅವರು ಬಾಗಿಲು ದಾಟುವ ಮೊದಲೇ ಫೋನ್ ಕೈಗೆತ್ತಿಕೊಂಡಿದ್ದೆ. ಒಂದು ಸಲ ಕಿಟಕಿಗೆ ನಿಂತರೆ ಅವಳಿಗೇ ಆಸೆಯಾಗುತ್ತದೆ, ತಿಂಗಳಿಗೆ ನಾಲ್ಕು ದಿನವಾದರೂ ಬಂದಿರುತ್ತೇನೆ ಎನ್ನುತ್ತಾಳೆ. ನನಗೆ ಬೇಕಾಗಿದ್ದದ್ದು ಅದು. ನಾನಾಗಿ ಕೇಳಲು ಬಾಯಿ ಬರುತ್ತಿರಲಿಲ್ಲ.

ಅವಳು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದಳು. ಜೊತೆಗೆ ಭಾವ. ಕನ್ನಡಕವಿಲ್ಲದ ಅಕ್ಕನ ಮುಖ ಬೋಳು ಗೋಡೆಯ ಹಾಗೆ ಕಾಣುತ್ತಿತ್ತು. ಸ್ವಲ್ಪ ದಪ್ಪಗಾಗಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನೇ ಪುಟ್ಟಿ, ಇಷ್ಟು ಸೊರಗಿದೀಯ? ಅಡಿಗೆ ಮಾಡ್ಕೊಳ್ಳೋದೂ ಬಿಟ್ಟೆಯಾ?"

"ನಿನ್ನ ಹೊಸ ಕಣ್ಣಿಗೆ ಹಾಗೆ ಕಾಣುತ್ತೆ."

"ಹೊಸ ಕಣ್ಣಿಗೆ ನಿನ್ನ ತಲೇಲಿರೋ ಬಿಳಿ ಕೂದಲೂ ಕಾಣ್ತಿದೆ. ಹೇಳ್ಲಾ ಎಷ್ಟು ಅಂತ?"

ಭಾವ ನಗುತ್ತಾ ಒಳಗೆ ಹೋಗಿ, ಹಳೆಯ ಅಭ್ಯಾಸದಂತೆ ಬಗ್ಗಿ ನೀರಿನ ಮೀಟರ್ ನೋಡಿದರು. "ಖರ್ಚು ಕಮ್ಮಿಯಾಗಿದೆಯಲ್ಲಮ್ಮ," ಎಂದರು.

"ಒಬ್ಬಳೇ ಸ್ನಾನ ಮಾಡೋದಲ್ವಾ ಭಾವ," ಎಂದೆ. ಯಾರೂ ನಗಲಿಲ್ಲ.

ಹತ್ತಕ್ಕೆ ಬೆಳಕು ಸರಿಯಾಯಿತು. ನೂಲು ಹಳದಿಯನ್ನೂ ನೀಲಿಯನ್ನೂ ಕುಡಿದು ಗಿಳಿಹಸಿರಾಗಿತ್ತು. ಅಕ್ಕ ಸೆರಗು ಸಿಕ್ಕಿಸಿ, ಬಟ್ಟೆಯ ತುಂಡು ಹಿಡಿದು ಕಿಟಕಿಗೆ ಹೋಗಿ ನಿಂತಳು. ಆ ಬೆನ್ನನ್ನು ಅಲ್ಲಿ ಕಂಡಾಗ ನನ್ನ ಕೈಯ ಸೌಟು ಒಂದು ಕ್ಷಣ ಹಂಡೆಯ ಅಂಚಿಗೆ ತಾಗಿ ಠಣ್ ಎಂದಿತು.

"ಕಣ್ಣಿನ ಆಪರೇಷನ್ ವಿಷಯ ಮೊದಲೇ ಯಾಕೆ ಹೇಳ್ಲಿಲ್ಲ?" ಎಂದೆ. ಮುಖ ಕಾಣದಿದ್ದರೆ ಇಂಥದನ್ನು ಕೇಳುವುದು ಸುಲಭ.

"ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತಿದ್ದೆ."

"ಬರ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ಹಾಕು."

ಮೊದಲ ಸೌಟು ಹಾಕಿದೆ. ಬಿಸಿ ನೀರಿಗೆ ಅನ್ನಭೇದಿ ಬಿದ್ದೊಡನೆ ಹಳೆಯ ನಾಣ್ಯ ಬಾಯಲ್ಲಿಟ್ಟುಕೊಂಡಂಥ ವಾಸನೆ ಎದ್ದಿತು. ಲಡಿ ಎತ್ತಿ, ಹಿಂಡಿ, ಕೊಟ್ಟೆ.

"ಇನ್ನೊಂದು."

ಎರಡನೆಯದು. "ಇನ್ನೊಂದು." ಮೂರನೆಯದು. ಹಸಿರು ತಣ್ಣಗಾಗುತ್ತಾ ಬಂತು. ನಾಲ್ಕನೆಯದಾದ ಮೇಲೆ ಲಡಿಯನ್ನು ಕಿಟಕಿಗೆ ಒಯ್ಯುವಾಗಲೇ ನನಗೆ ಅನ್ನಿಸಿತು, ಕೂಡಿತು. ಅಕ್ಕನ ಭುಜದ ಮೇಲಿಂದ ನೋಡಿದೆ. ಬಟ್ಟೆಯ ತುಂಡು ಎಲ್ಲಿ ಮುಗಿದು ನೂಲು ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಅವಳು ಈಗ ಹೇಳುತ್ತಾಳೆ ಎಂದು ಕಾದೆ. ಹದಿನಾಲ್ಕು ತಿಂಗಳಿಂದ ನಾನು ಕೇಳಲು ಕಾದಿದ್ದ ಮಾತು.

"ಇನ್ನೊಂದು," ಎಂದಳು ಅಕ್ಕ. "ಇನ್ನೂ ಹೊಳೀತಿದೆ."

ನಾನು ಹಂಡೆಯ ಬಳಿ ಬಂದೆ. ಇದರ ಕಾರಣ ನನಗೆ ಗೊತ್ತಿತ್ತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ತೆಗೆದು ಹಾಕಿದ ಹೊಸ ಮಸೂರ ಆ ನೀಲಿಯನ್ನು ಮತ್ತೆ ಒಳಗೆ ಬಿಡುತ್ತದೆ. ಹಳೆಯ ಬಟ್ಟೆಗೆ ಅಪ್ಪ ಹಾಕಿದ್ದ ನೀಲಿ ಈಗ ಮಾರುಕಟ್ಟೆಯಲ್ಲಿಲ್ಲ, ನಾನು ಬೇರೆ ನೀಲಿ ಹಾಕಿದ್ದೆ. ಬೇರೆ ಬೇರೆ ವಸ್ತುಗಳಿಂದ ಮಾಡಿದ ಎರಡು ಬಣ್ಣಗಳು ಒಬ್ಬರ ಕಣ್ಣಿಗೆ ಒಂದೇ ಆಗಿ ಕಂಡು, ಇನ್ನೊಬ್ಬರ ಕಣ್ಣಿಗೆ ಬೇರೆಯಾಗಿ ಕಾಣಬಹುದು. ಯಾರ ಕಣ್ಣು ಸರಿ ಎಂಬ ಪ್ರಶ್ನೆಗೆ ಅಲ್ಲಿ ಅರ್ಥವಿಲ್ಲ. ಅಕ್ಕನ ಕಣ್ಣು ನನ್ನ ಕಣ್ಣಿಗಿಂತ ಈಗ ಎಳೆಯದು, ಅಷ್ಟೆ. ಒಂದು ಕಾಲದಲ್ಲಿ ನಾವಿಬ್ಬರೂ ಒಂದೇ ಬಣ್ಣ ನೋಡುತ್ತಿದ್ದೆವು. ಈಗ ಇಲ್ಲ.

ಇದನ್ನು ಅವಳಿಗೆ ಹೇಳಬಹುದಿತ್ತು. ಹೇಳಿದರೆ ಅವಳು ಇನ್ನು ಕಿಟಕಿಗೆ ಬರುವುದಿಲ್ಲ, ಅವಳ ಗುಣ ನನಗೆ ಗೊತ್ತು. ಅವಳ ಮಾತಿನಂತೆ ಹಾಕಿದರೆ ಹದಿನೆಂಟು ಕಿಲೋ ನೂಲು ಹೋಯಿತು. ನನ್ನ ಪಕ್ಕದಲ್ಲಿ ಲಡಿ ತೊಳೆಯಲು ಇಟ್ಟಿದ್ದ ಬಕೆಟ್ ಇತ್ತು. ಅದರಿಂದ ಒಂದು ಸೌಟು ಬರಿ ನೀರು ಮೊಗೆದು ಹಂಡೆಗೆ ಹಾಕಿದೆ. ಅದೇ ಸದ್ದು. ಎರಡು ನಿಮಿಷ ಬಿಟ್ಟು ಲಡಿ ಎತ್ತಿ, ಹಿಂಡಿ, ಒಯ್ದು ಕೊಟ್ಟೆ. ಇಷ್ಟು ವರ್ಷದಲ್ಲಿ ಈ ಕೋಣೆಯಲ್ಲಿ ಯಾರೂ ಯಾರಿಗೂ ಹೀಗೆ ಮಾಡಿರಲಿಲ್ಲ.

ಅಕ್ಕ ಲಡಿಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಳು. ನೋಡುತ್ತಿದ್ದಳೋ, ಸುಮ್ಮನೆ ನಿಂತಿದ್ದಳೋ.

"ಸಾಕು," ಎಂದಳು.

ಉರಿ ಆರಿಸಲು ಹೊಗೆಯಣ್ಣನಿಗೆ ಕೂಗಿ ಹೇಳಿದೆ. ನೂಲನ್ನು ತೊಳೆಯುವ ತೊಟ್ಟಿಗೆ ಇಳಿಸಿದೆವು. ಇಬ್ಬರೂ ಎದುರುಬದುರು ನಿಂತು ಲಡಿಗಳನ್ನು ಜಾಲಾಡಿಸುವಾಗ ಅಕ್ಕ ತಲೆಯೆತ್ತದೆ ಕೇಳಿದಳು.

"ಐದನೇದು ಏನು ಹಾಕ್ದೆ?"

"ಅದೇ."

"ವಾಸನೆ ಬರ್ಲಿಲ್ಲ ಪುಟ್ಟಿ. ಕಣ್ಣು ತಾನೇ ಬದಲಾಯಿಸಿದ್ದು, ಮೂಗು ಹಳೇದೇ ಇದೆ."

ತೊಟ್ಟಿಯ ನೀರನ್ನೇ ನೋಡುತ್ತಾ ನಿಂತೆ.

"ನನಗೆ ಹೊಳೆಯೋದು ನಿನಗೆ ಹೊಳೀತಿರ್ಲಿಲ್ಲ, ಅಲ್ವಾ?"

"ಇಲ್ಲ."

"ಡಾಕ್ಟ್ರು ಹೇಳಿದ್ರು, ಸ್ವಲ್ಪ ದಿನ ಎಲ್ಲಾ ನೀಲಿ ನೀಲಿ ಕಾಣುತ್ತೆ ಅಂತ. ನನಗೆ ಇವತ್ತಿಗೂ ಹಾಗೇ ಕಾಣುತ್ತೆ. ಬಸ್ಸಲ್ಲಿ ಬರುವಾಗ ನಿಮ್ಮ ಭಾವನಿಗೆ ಹೇಳ್ತಾನೇ ಬಂದೆ, ನನ್ನಿಂದ ಆಗೋದು ಅನುಮಾನ ಅಂತ. ನೀನು ಕರೆದೆಯಲ್ಲ, ಬಂದೆ." ಒಂದು ಲಡಿ ಹಿಂಡಿ ಬಿದಿರಿನ ಕೋಲಿಗೆ ಹಾಕಿದಳು. "ನಿನ್ನ ಕಣ್ಣಿಗೇ ಗೊತ್ತಾಯ್ತು ಎಲ್ಲಿ ನಿಲ್ಲಿಸಬೇಕು ಅಂತ. ಹಾಗಿದ್ರೆ ನನ್ನನ್ನ ಯಾಕೆ ಕರೆಸ್ದೆ?"

ಬೇರೆ ಬೇರೆ ಉತ್ತರಗಳನ್ನು ಹುಡುಕಿದೆ. ಕೈಯಳತೆ ತಪ್ಪಿದ್ದರೆ, ಮ್ಯಾನೇಜರು ಒಪ್ಪದಿದ್ದರೆ, ಅಪ್ಪನ ಪದ್ಧತಿ ಅಲ್ಲವೇ. ಎಲ್ಲವೂ ಕೆಲಸದ ಮಾತು.

"ನೋಡಬೇಕು ಅನ್ನಿಸ್ತು," ಎಂದೆ.

"ಏನನ್ನ?"

"ನಿನ್ನನ್ನ."

ಅಕ್ಕ ಕೈಯಲ್ಲಿದ್ದ ಲಡಿಯನ್ನು ಹಿಂಡುವುದನ್ನು ಬಿಟ್ಟು ನನ್ನತ್ತ ನೋಡಿದಳು. ಅದರಿಂದ ನೀರು ಅವಳ ಮೊಣಕೈಯವರೆಗೆ ಇಳಿಯುತ್ತಿತ್ತು.

"ಅದಕ್ಕೆ ಹದಿನೆಂಟು ಕಿಲೋ ಉಣ್ಣೆ ಬೇಕಿತ್ತೇನೇ?"

ನಾನು ನಕ್ಕೆ. ನಗುವಿನ ಮಧ್ಯೆ ಎಲ್ಲೋ ಅದು ನಗುವಾಗಿ ಉಳಿಯಲಿಲ್ಲ. ಅಕ್ಕ ಒದ್ದೆ ಕೈಯಲ್ಲೇ ನನ್ನ ಕೆನ್ನೆ ಒರೆಸಿದಳು. ಒರೆಸಿದ ಕಡೆಯೆಲ್ಲ ಹಸಿರಾಯಿತು. ಬಾಯ್ಲರ್ ಕೋಣೆಯ ಬಾಗಿಲಿಗೆ ಬಂದ ಹೊಗೆಯಣ್ಣ ನಮ್ಮಿಬ್ಬರನ್ನೂ ನೋಡಿ ಹಿಂದಕ್ಕೆ ಸರಿದ.

"ಇಲ್ಲೇ ಇದ್ದುಬಿಡು ಅಕ್ಕ. ತಿಂಗಳಿಗೆ ನಾಲ್ಕು ದಿನ."

"ಆಗಲ್ಲ ಕಣೇ." ಅವಳು ಮೆತ್ತಗೇ ಹೇಳಿದಳು. "ಈ ಕಿಟಕಿಗೆ ನಲವತ್ತು ವರ್ಷ ನಿಂತಿದೀನಿ. ಅಲ್ಲೊಂದು ಕಿಟಕಿ ಇದೆ. ಅದರಲ್ಲಿ ಏನನ್ನೂ ಯಾವುದಕ್ಕೂ ಹೋಲಿಸಬೇಕಾಗಿಲ್ಲ. ಸುಮ್ಮನೆ ಹೊರಗೆ ನೋಡ್ತೀನಿ. ನನಗೆ ಅದು ಇಷ್ಟ ಆಗ್ತಿದೆ."

ನಾಲ್ಕು ಗಂಟೆಯ ಬಸ್ಸಿಗೆ ಅವರಿಬ್ಬರೂ ಹೊರಟರು. ಭಾವ ಚೀಲ ಹಿಡಿದು ಮುಂದೆ ನಡೆದರು. ಅಕ್ಕ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಹೊಟ್ಟೆ ತುಂಬಾ ಊಟ ಮಾಡು," ಎಂದಷ್ಟೇ ಹೇಳಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನಾನು ನಿಂತೇ ಇದ್ದೆ. ಮುಂದಿನ ಬಸ್ಸಿನವನು ಹತ್ತುತ್ತೀರಾ ಎಂದು ಕೇಳಿದ.

ನೂಲು ಒಣಗಿತು. ಮ್ಯಾನೇಜರು ಬಂದು, ಬಟ್ಟೆಯ ತುಂಡನ್ನು ಪಕ್ಕದಲ್ಲಿಟ್ಟು ನೋಡಿ, ತಲೆದೂಗಿ, ಒಯ್ದರು. ಆಮೇಲೆ ಬಂದ ಇಂಥ ಕೆಲಸಗಳಿಗೆ ನಾನೇ ಹಂಡೆಯಿಂದ ಕಿಟಕಿಗೂ ಕಿಟಕಿಯಿಂದ ಹಂಡೆಗೂ ನಡೆಯುತ್ತೇನೆ. ಸಾಕು ಎಂದು ಜೋರಾಗಿ ಹೇಳಿಕೊಳ್ಳಲು ನಾಚಿಕೆ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಆ ಧ್ವನಿ ನನ್ನದಲ್ಲ, ಅವಳದೇ.

ಅವಳು ಹೋಗಿ ಒಂದು ವಾರ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಫೋನ್ ಮಾಡಿದೆ. ಮಾಡುವ ಮೊದಲು ಏನು ಕೇಳುವುದೆಂದು ಯೋಚಿಸಲು ಕುಳಿತು, ಯೋಚಿಸದೆಯೇ ಎದ್ದಿದ್ದೆ.

"ಏನೇ?" ಎಂದಳು ಅಕ್ಕ. "ಯಾವ ಬಣ್ಣ?"

"ಯಾವುದೂ ಇಲ್ಲ."

"ಮತ್ತೆ? ಏನಾದ್ರೂ ಸಿಗ್ತಿಲ್ವಾ?"

"ಎಲ್ಲಾ ಇದೆ. ಕೆಲಸ ಏನಿಲ್ಲ ಅಕ್ಕ."

ಆ ಕಡೆ ರೇಡಿಯೋ ನಿಂತಿತು. ನೆಲದ ಮೇಲೆ ಒಂದು ಕುರ್ಚಿಯನ್ನು ಎಳೆದು, ಅವಳು ಅದರಲ್ಲಿ ಕುಳಿತ ಸದ್ದು ಕೇಳಿಸಿತು.